ಹೆವಿ ಮೆಟಲ್‌ನ ಅಜ್ಜಿ

ವೇದಿಕೆಯ ಮೇಲಿರುವ ಸಂಗೀತ ಶಾಲೆಯ ಅಧ್ಯಕ್ಷರೇ, ಪ್ರಾಂಶುಪಾಲರೇ, ಇಂದು ಸನ್ಮಾನ ಸ್ವೀಕರಿಸಲಿರುವ ನಮ್ಮ ಬೇಕರಿ ಮಗಳೇ, ಅವಳ ಪಕ್ಕದಲ್ಲಿ ಇಷ್ಟು ಸೆಕೆಯಲ್ಲೂ ಕಪ್ಪು ಅಂಗಿ, ಕಪ್ಪು ಬೂಟು ಬಿಡದೆ ಕುಳಿತಿರುವ ಮೂವರು ಮಹನೀಯರೇ, ಮಕ್ಕಳ ಕೈಹಿಡಿದು ಬಂದಿರುವ ತಂದೆ ತಾಯಂದಿರೇ, ಹಾಗೂ ಬೇಸರವಾದರೆ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಹತ್ತಿರದ ಕುರ್ಚಿಗಳನ್ನು ಮೊದಲೇ ಹಿಡಿದಿರುವ ಸಭಿಕರೇ,

ಆಹ್ವಾನ ಪತ್ರಿಕೆಯಲ್ಲಿ ಈ ಹೊತ್ತಿನ ಉಪನ್ಯಾಸದ ವಿಷಯ 'ಹೆವಿ ಮೆಟಲ್ ಸಂಗೀತದ ಬೇರುಗಳು: ಬ್ಲೂಸ್ ಮತ್ತು ಜಾಝ್' ಎಂದು ಅಚ್ಚಾಗಿದೆ. ಮಾತನಾಡಬೇಕಾಗಿದ್ದವರು ಒಬ್ಬ ಪ್ರಾಧ್ಯಾಪಕರು. ಪಾಪ, ಅವರಿಗೆ ನಿನ್ನೆ ಬೆಳಗ್ಗೆಯಿಂದ ಗಂಟಲು ಕಟ್ಟಿದೆ. ಪ್ರಾಂಶುಪಾಲರು ನಮ್ಮ ಮನೆಗೆ ಓಡಿ ಬಂದು, ನೀವೇ ನಾಲ್ಕು ಮಾತಾಡಿಬಿಡಿ ಎಂದರು. ನನಗೆ ಸಂಗೀತದ ಗಂಧವೇ ಇಲ್ಲ ಎಂದೆ. ನಿಮಗೆ ಗೊತ್ತಿರುವುದು ಪ್ರಾಧ್ಯಾಪಕರಿಗೂ ಗೊತ್ತಿಲ್ಲ ಎಂದು ಅವರು ಹೊಗಳಿದರು. ಹೊಗಳಿಕೆಗೆ ಬೀಳದವರು ಯಾರಿದ್ದಾರೆ? ಎಪ್ಪತ್ತರ ಹೆಂಗಸಾದ ನಾನೂ ಬಿದ್ದೆ. ಅದಕ್ಕೇ ಇಲ್ಲಿ ನಿಂತಿದ್ದೇನೆ.

ನಾನು ಯಾರೆಂದು ಮೊದಲು ಹೇಳಬೇಕು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಈಗಿನ ಮಕ್ಕಳಿಗೆ ಆ ಕೆಲಸ ಯಾವುದೆಂದೇ ತಿಳಿಯದು. ಗೋಡೆಯುದ್ದಕ್ಕೂ ಒಂದು ಬೋರ್ಡು, ಅದರ ತುಂಬ ತೂತುಗಳು, ತೂತಿಗೊಂದು ಪುಟ್ಟ ದೀಪ. ದೀಪ ಹತ್ತಿದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ವಯರು ಚುಚ್ಚಿ, ಯಾರು ಬೇಕು ಎಂದು ಕೇಳಿ, ಇನ್ನೊಂದು ತೂತಿಗೆ ಇನ್ನೊಂದು ವಯರು ಚುಚ್ಚಿ, ಇಬ್ಬರನ್ನು ಸೇರಿಸುವುದು. ದಿನಕ್ಕೆ ಎಂಟು ಗಂಟೆ ಕಿವಿಯ ಮೇಲೆ ಹೆಡ್‌ಫೋನಿನ ಕಬ್ಬಿಣದ ಹಿಡಿ. ಮನೆಗೆ ಬಂದರೆ ಗಡಿಯಾರದ ಸದ್ದೂ ಬೇಡವೆನಿಸುತ್ತಿತ್ತು. ಕುಕ್ಕರ್ ಕೂಗಿದರೆ ಅದಕ್ಕೂ 'ಸ್ವಲ್ಪ ಲೈನಿನಲ್ಲಿರಿ' ಎನ್ನುತ್ತಿದ್ದೆನಂತೆ. ಇದು ನಮ್ಮ ಯಜಮಾನರ ತಮಾಷೆ.

ಯಜಮಾನರು ಬಸ್ ಡಿಪೋದಲ್ಲಿ ಟೈಮ್ ಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ತಡವಾಗಿ ಬಂತು ಎಂದು ಬರೆಯುವ ಕೆಲಸ. ಅವರು ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಯಿತು. ಹರೆಯದಲ್ಲಿ ಅವರು ಬಂದರಿನ ಕಾರ್ಮಿಕರ ಕ್ಲಬ್ಬಿನಲ್ಲಿ ಜಾಝ್ ತಂಡಕ್ಕೆ ಡ್ರಮ್ ಬಾರಿಸುತ್ತಿದ್ದರು. ಭಾನುವಾರ ಮಧ್ಯಾಹ್ನ ನಾವು ಎಕ್ಸ್‌ಚೇಂಜಿನ ಹುಡುಗಿಯರು ಗುಂಪಾಗಿ ಹೋಗಿ ಕೂರುತ್ತಿದ್ದೆವು. ಉಳಿದವರು ಕಹಳೆ ಊದುವವನನ್ನು ನೋಡುತ್ತಿದ್ದರು. ಅವನಿಗೆ ಮೀಸೆಯಿತ್ತು, ನಮ್ಮವರಿಗೆ ಇರಲಿಲ್ಲ. ಆದರೂ ನಾನು ಹಿಂದುಗಡೆ ಕತ್ತಲಲ್ಲಿ ಕುಳಿತವರನ್ನೇ ನೋಡುತ್ತಿದ್ದೆ. ಮದುವೆಯಾದ ನಾಲ್ಕನೇ ವರ್ಷ ಅವರು ಡ್ರಮ್ ಬಿಟ್ಟರು. ಕೆಲಸ, ಸಂಸಾರ, ಜವಾಬ್ದಾರಿ. ಎಲ್ಲರ ಮನೆಯಲ್ಲೂ ಆಗುವುದೇ ತಾನೇ? ಇರಲಿ, ವಿಷಯಕ್ಕೆ ಬರುತ್ತೇನೆ.

ಅವರನ್ನು ಕಳಿಸಿಕೊಟ್ಟು ಬಂದ ಮಾರನೆಯ ದಿನ ನಮ್ಮ ಮನೆ ಬಾಗಿಲಿಗೆ ನಾಲ್ವರು ಬಂದು ನಿಂತರು. ಮೂವರು ಗಂಡಸರು, ಒಬ್ಬಳು ಹೆಂಗಸು. ಗಂಡಸರ ಕೂದಲು ನನ್ನದಕ್ಕಿಂತ ಉದ್ದ. ಅಂಗಿಯ ಮೇಲೆ ತಲೆಬುರುಡೆಯ ಚಿತ್ರ. ಸಾವಿನ ಮನೆಗೆ ಯಾರಾದರೂ ತಲೆಬುರುಡೆ ಹಾಕಿಕೊಂಡು ಬರುತ್ತಾರೆಯೇ? ಇವರು ಮನೆ ತಪ್ಪಿ ಬಂದಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಅವರಲ್ಲಿ ಎತ್ತರದವನು, ಬಾಗಿಲ ಚೌಕಟ್ಟಿಗೆ ತಲೆ ಆನಿಸಿ, ಮಗುವಿನ ಹಾಗೆ ಬಿಕ್ಕತೊಡಗಿದ. ಆಮೇಲೆ ತಿಳಿಯಿತು, ಅವನು ಹಲ್ಲಿನ ಸೆಟ್ಟು ತಯಾರಿಸುವ ಕೆಲಸದವನು, ಈ ನಾಲ್ವರ ಮೆಟಲ್ ತಂಡದಲ್ಲಿ ಹಾಡುವವನು. ಹಾಡುವಾಗ ಬಾವಿಯೊಳಗಿಂದ ಗೂಳಿ ಕೂಗಿದಂತೆ ಕೂಗುವುದರಿಂದ ಅವನನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಾರೆ. ಹತ್ತಿರ ನಿಂತು ಮಾತಾಡಿದರೆ ಅವನು ಹೇಳಿದ್ದು ಕೇಳಿಸುವುದೇ ಇಲ್ಲ, ಅಷ್ಟು ಮೆಲ್ಲಗೆ ಮಾತಾಡುತ್ತಾನೆ. ಇಲ್ಲಿ ಸಭೆಯಲ್ಲಿ ಕೆಲವರ ಬಾಯಲ್ಲಿ ಅವನ ಕೈಕೆಲಸವಿದೆ. ಯಾರೆಂದು ನಾನು ಹೇಳುವುದಿಲ್ಲ.

ಅವನು ಹೇಳಿದ್ದು ಒಂದೇ ಮಾತು. "ಮೇಷ್ಟ್ರು ಹೋಗ್ಬಿಟ್ರು ಅಮ್ಮ."

ಮೇಷ್ಟ್ರು? ಬಸ್ಸಿನ ವೇಳೆ ಬರೆಯುತ್ತಿದ್ದವರು ಯಾರಿಗೆ ಮೇಷ್ಟ್ರು, ಯಾವ ವಿದ್ಯೆಗೆ ಮೇಷ್ಟ್ರು?

ಆಗ ಆ ಹೆಂಗಸು ಮುಂದೆ ಬಂದಳು. ಇವಳೇ, ನಮ್ಮ ಬೇಕರಿ ಮಗಳು. ಡಿಪೋದ ಹಿಂದಿನ ಬೀದಿಯ ಬೇಕರಿಯಲ್ಲಿ ಹಿಟ್ಟು ನಾದುವವಳು. ತೋಳು ನೋಡಿದರೇ ಗೊತ್ತಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಏನನ್ನೋ ನನ್ನ ಕೈಯಲ್ಲಿಟ್ಟಳು. ಬಿಚ್ಚಿದರೆ ಡ್ರಮ್ ಬಾರಿಸುವ ಎರಡು ಕಡ್ಡಿಗಳು, ತುದಿ ಸವೆದು ನಾರೆದ್ದಿದ್ದವು. ಇವು ಮೇಷ್ಟ್ರವು ಎಂದಳು. ಆಮೇಲೆ ನೆಲ ನೋಡುತ್ತ, "ನಂದೂ ಮುಗೀತು ಅಮ್ಮ. ಇನ್ಮೇಲೆ ನಾನು ಬಾರಿಸಲ್ಲ," ಎಂದಳು.

ಸಭಿಕರೇ, ಹನ್ನೊಂದು ವರ್ಷ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಸಂಜೆ ಐದಕ್ಕೆ ನಮ್ಮ ಯಜಮಾನರು ಲೈಬ್ರರಿಗೆ ಹೋಗುತ್ತಿದ್ದರು. ಏಳೂವರೆಗೆ ಕೈಯಲ್ಲಿ ಪುಸ್ತಕ ಹಿಡಿದು ಬರುತ್ತಿದ್ದರು. ಊಟಕ್ಕೆ ಕುಳಿತಾಗ ಅದರ ಕಥೆ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಇಷ್ಟು ಓದುವ ಗಂಡ ಯಾರಿಗುಂಟು ಎಂದು ನಾನು ಅಕ್ಕಪಕ್ಕದವರ ಮುಂದೆ ಜಂಬ ಕೊಚ್ಚಿದ್ದೂ ಉಂಟು. ಆ ಪುಸ್ತಕಗಳನ್ನು ಅವರು ಓದುತ್ತಿದ್ದುದು ಈ ತಂಡ ಅಭ್ಯಾಸ ಮಾಡುವ ಟೈರ್ ಅಂಗಡಿಯ ಅಟ್ಟದ ಮೇಲೆ, ಇವರು ಗಿಟಾರಿನ ತಂತಿ ಬಿಗಿದು ಶ್ರುತಿ ಮಾಡಿಕೊಳ್ಳುವ ಇಪ್ಪತ್ತು ನಿಮಿಷಗಳಲ್ಲಿ ಎಂದು ನನಗೆ ಅಂದು ಗೊತ್ತಾಯಿತು. ಶ್ರುತಿ ಮಾಡಲು ಅಷ್ಟು ಹೊತ್ತು ಬೇಕೇ ಎಂದು ಕೇಳಬೇಡಿ. ಹನ್ನೊಂದು ವರ್ಷಕ್ಕೆ ಎಷ್ಟು ಪುಸ್ತಕಗಳಾದವು ಎಂದು ಲೆಕ್ಕ ಹಾಕಿದರೆ, ಇವರು ಯಾವತ್ತಾದರೂ ಬಾರಿಸಿದರೋ ಇಲ್ಲವೋ ಎಂದು ನನಗೇ ಅನುಮಾನ.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ನಿಮಗೆ ಬರುತ್ತಿರಲಿಲ್ಲವೇ? ನಲವತ್ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡವರು, ಒಂದು ಮಾತು ಹೇಳಬಾರದಾಗಿತ್ತೇ? ಮೂರು ವಾರ ಆ ಕಡ್ಡಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ನಾಲ್ಕನೇ ವಾರ, ಅವರನ್ನೆಲ್ಲ ಚೆನ್ನಾಗಿ ಬಯ್ದು ಬರಬೇಕೆಂದು ತೀರ್ಮಾನಿಸಿ, ಒಂದು ಮಧ್ಯಾಹ್ನ ಟೈರ್ ಅಂಗಡಿಗೆ ಹೋದೆ. ಅಂಗಡಿಯವನೇ ತಂಡದ ಗಿಟಾರಿನವನು. ನಾನು ವರ್ಷಗಟ್ಟಲೆ ಅವನ ಬಳಿಯೇ ಸೈಕಲ್ಲಿಗೆ ಗಾಳಿ ಹೊಡೆಸಿದ್ದೇನೆ. ಒಂದು ದಿನವೂ ಬಾಯಿ ಬಿಟ್ಟವನಲ್ಲ. ನನ್ನನ್ನು ಕಂಡವನೇ ಕೈಯಲ್ಲಿದ್ದ ಸಲಾಕೆ ಕೆಳಗಿಟ್ಟು, ಮರದ ಮೆಟ್ಟಿಲು ತೋರಿಸಿದ.

ಆ ಕೋಣೆಯನ್ನು ನೀವು ನೋಡಬೇಕು. ರಬ್ಬರಿನ ವಾಸನೆ. ಕಿಟಕಿಗೆ ಹಳೆಯ ಹಾಸಿಗೆ ಒರಗಿಸಿದ್ದಾರೆ. ಗೋಡೆಗೆಲ್ಲ ಬೇಕರಿಯ ಮೊಟ್ಟೆ ಟ್ರೇಗಳನ್ನು ಅಂಟಿಸಿದ್ದಾರೆ, ಸದ್ದು ಹೊರಗೆ ಹೋಗದಿರಲಿ ಎಂದು. ಮೂಲೆಯಲ್ಲಿ ಡ್ರಮ್ ಸೆಟ್ಟಿಗೆ ಹಿಟ್ಟಿನ ಚೀಲ ಬಿಚ್ಚಿ ಹೊದಿಸಿದ್ದರು. ಅದರ ಮೇಲೆ ಧೂಳು. ಆ ನಾಲ್ಕು ವಾರವೂ ಅಲ್ಲಿ ಯಾರೂ ಏನನ್ನೂ ನುಡಿಸಿರಲಿಲ್ಲ. ಟೈರಿನವನು ಫೋನು ಮಾಡಿದ ಮೇಲೆ ಗುಡುಗು ಬಂದ, ಶಾಲಾ ವ್ಯಾನು ಓಡಿಸುವ ಮತ್ತೊಬ್ಬ ಬಂದ, ಕೊನೆಗೆ ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಇವಳು ಬಂದಳು. ಬಯ್ಯಲು ಬಂದವಳು ನಾನು, ಅವರ ಮುಖ ನೋಡಿ ಕುರ್ಚಿ ಎಳೆದುಕೊಂಡು ಕುಳಿತೆ. ನಮ್ಮ ಯಜಮಾನರು ಇಲ್ಲಿಗೆ ಹೇಗೆ ಬಂದರು ಎಂದಷ್ಟೇ ಕೇಳಿದೆ.

ಬೇಕರಿ ಮಗಳು ಹೇಳಿದಳು. ನಿವೃತ್ತರಾದ ಹೊಸತರಲ್ಲಿ ಅವರು ಹಳೆಯ ಸ್ನೇಹಿತರನ್ನು ಕಾಣಲು ಡಿಪೋಗೆ ಹೋಗಿದ್ದವರು, ಈ ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದರಂತೆ. ತಕರಾರಿಗೆ ಬಂದ ಮುದುಕ ಎಂದು ಇವರು ನುಡಿಸುವುದನ್ನು ನಿಲ್ಲಿಸಿದರಂತೆ. ಅವರು ಬಾಗಿಲಲ್ಲೇ ನಿಂತು, ನಿಲ್ಲಿಸಬೇಡಿ, ಹಾಡು ಮುಗಿಸಿ ಎಂದರಂತೆ. ಮುಗಿದ ಮೇಲೆ ಇವಳ ಕಡೆ ತಿರುಗಿ, "ಬಲಗೈ ಓಡ್ತಾ ಇದೆ ಮಗಳೇ, ನಡೀತಾ ಇಲ್ಲ. ಸ್ವಲ್ಪ ಜಾಝ್ ಕೇಳು," ಎಂದರಂತೆ. ಇವಳಿಗೆ ಆಗ ಇಪ್ಪತ್ತೆರಡು, ಮೂಗಿನ ತುದಿಯಲ್ಲೇ ಕೋಪ. ಇದು ಜಾಝ್ ಅಲ್ಲ ತಾತ, ಮೆಟಲ್ ಎಂದು ಎದುರು ಹೇಳಿದಳಂತೆ.

ಅದಕ್ಕೆ ಅವರು, "ಹೌದಾ? ಇದರ ಅಜ್ಜಿ ಯಾರು ಅಂತ ಗೊತ್ತಾ ನಿಂಗೆ?" ಎಂದು ಕೇಳಿದರಂತೆ.

ಆ ಅಜ್ಜಿಯ ಪರಿಚಯವೇ ಮುಂದಿನ ಹನ್ನೊಂದು ವರ್ಷದ ಪಾಠ. ಪ್ರಾಧ್ಯಾಪಕರು ಹೇಳಬೇಕಾಗಿದ್ದನ್ನು ನಾನು ಕೇಳಿದಷ್ಟು ಹೇಳುತ್ತೇನೆ. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿಯಲು ಗುಲಾಮರಾಗಿ ಹಡಗಿನಲ್ಲಿ ತುಂಬಿ ತಂದ ಜನರಿದ್ದರು, ಅವರ ಮಕ್ಕಳು, ಮೊಮ್ಮಕ್ಕಳು. ಅವರ ಕೆಲಸದ ಹಾಡುಗಳಿಂದ, ದೇವರಿಗಿಟ್ಟ ಮೊರೆಯಿಂದ ಹುಟ್ಟಿದ್ದು ಬ್ಲೂಸ್. ಇವಳು ಅಜ್ಜಿ. ಜಾಝ್ ಅದೇ ಮನೆಯಲ್ಲಿ ಬೆಳೆದ ಸೋದರಮಾವ. ಚೆನ್ನಾಗಿ ಬಟ್ಟೆ ತೊಟ್ಟು ಊರು ಸುತ್ತುವವನು, ಕೈಕಾಲಿನಲ್ಲಿ ಲಯ ತುಂಬಿಕೊಂಡವನು. ಮುಂದೆ ಎಷ್ಟೋ ವರ್ಷಗಳ ನಂತರ, ಸಾಗರದ ಈಚೆ ಆಚೆ, ಕಾರ್ಖಾನೆಯ ಊರುಗಳ ಹುಡುಗರು ಅಜ್ಜಿಯ ಹಾಡನ್ನು ಕಲಿತರು. ಡ್ರಮ್ಮಿನವರು ಸೋದರಮಾವನ ತಾಳವನ್ನು ಕಲಿತರು. ತಮ್ಮ ಬೀದಿಯ ಯಂತ್ರಗಳ ಸದ್ದನ್ನು ಮೀರಿಸಲೋ ಏನೋ, ಅದನ್ನು ಜೋರು ಮಾಡಿದರು, ಇನ್ನೂ ಜೋರು ಮಾಡಿದರು. ಹುಟ್ಟಿದ ಮೊಮ್ಮಗನೇ ಈ ಹೆವಿ ಮೆಟಲ್. ಮೊಮ್ಮಗ ಚರ್ಮದ ಅಂಗಿ ತೊಟ್ಟು ಕಿರುಚಿದ ಮಾತ್ರಕ್ಕೆ ಅಜ್ಜಿಯ ಮೂಗು ಅವನ ಮುಖದಿಂದ ಹೋಗುತ್ತದೆಯೇ?

ಅಟ್ಟ ಹತ್ತಿ ಬಂದ ಆ ಮೊದಲ ದಿನ ನಮ್ಮ ಯಜಮಾನರು ಡ್ರಮ್ಮಿನ ಮುಂದೆ ಕೂರಲೋ ಬೇಡವೋ ಎಂದು ಬಹಳ ಹೊತ್ತು ನಿಂತಿದ್ದರಂತೆ. ಕೈ ಮುಂದೆ ಮಾಡುವುದು, ಹಿಂದಕ್ಕೆ ಎಳೆದುಕೊಳ್ಳುವುದು. ಕೊನೆಗೆ, ಇಪ್ಪತ್ತೊಂಬತ್ತು ವರ್ಷ ಆಯ್ತು, ನಗಬೇಡಿ ಎಂದು ಕುಳಿತರಂತೆ. ಬೇಕರಿ ಮಗಳು ಇದನ್ನು ಹೇಳುವಾಗ, ಇಪ್ಪತ್ತೊಂಬತ್ತು ವರ್ಷ ಯಾಕೆ ಬಿಟ್ಟಿದ್ದರು ಎಂದು ನನ್ನನ್ನೇ ಕೇಳಿದಳು.

ಸಭಿಕರೇ, ಮೊದಲು ನಾನು ಕೆಲಸ, ಸಂಸಾರ, ಜವಾಬ್ದಾರಿ ಎಂದೆನಲ್ಲ, ಅದು ನಿಜವಲ್ಲ. ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ, ಬಾಯಿಗೆ ರೂಢಿಯಾಗಿಬಿಟ್ಟಿದೆ. ನಡೆದದ್ದು ಇದು. ಆಗ ನನಗೆ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ. ಹಗಲು ಮಲಗಬೇಕು. ಅವರು ಹಿತ್ತಲ ಕೋಣೆಯಲ್ಲಿ ಡ್ರಮ್ಮಿನ ಮೇಲೆ ಟವೆಲು ಹೊದಿಸಿಯೇ ಬಾರಿಸುತ್ತಿದ್ದರು. ಆದರೂ ಒಂದು ದಿನ ನನ್ನ ತಲೆ ಸಿಡಿದು ಹೋಯಿತು. ಎದ್ದು ಹೋಗಿ, "ಈ ಮನೇಲಿ ನಾನಿರಬೇಕು, ಇಲ್ಲ ಅದಿರಬೇಕು," ಎಂದೆ. ಅವರು ಜಗಳವಾಡಲಿಲ್ಲ. ಮುಖ ಸಣ್ಣದು ಮಾಡಲಿಲ್ಲ. ಮರುದಿನ ನಾನು ಎದ್ದಾಗ ಆ ಕೋಣೆ ಖಾಲಿಯಾಗಿತ್ತು. ಡ್ರಮ್ಮನ್ನು ಕ್ಲಬ್ಬಿಗೆ ಕೊಟ್ಟು ಬಂದಿದ್ದರು. ನೆಲ ಒರೆಸಿದ್ದರು ಕೂಡ.

ಅಂದಿನಿಂದ ಅವರು ಸಾಯುವವರೆಗೆ, ನಲವತ್ತು ವರ್ಷ, ನಮ್ಮ ಊಟದ ಮೇಜಿನ ಮೇಲೆ ಅವರ ಬೆರಳು ಒಮ್ಮೆಯೂ ತಾಳ ಹಾಕಲಿಲ್ಲ. ಡ್ರಮ್ಮಿನವರ ಬೆರಳು ಸುಮ್ಮನಿರುತ್ತದೆಯೇ? ಯಾರನ್ನಾದರೂ ಕೇಳಿ ನೋಡಿ. ಅದನ್ನು ಸುಮ್ಮನಿರಿಸಿಕೊಂಡು ಅವರು ನನ್ನೆದುರು ಊಟ ಮಾಡಿದರು. ನಾನು ಏನೆಂದುಕೊಂಡೆ? ಅವರಿಗೂ ಬೇಸರ ಬಂದಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ.

ಇಷ್ಟನ್ನೂ ಆ ಅಟ್ಟದ ಮೇಲೆ ನಾಲ್ವರಿಗೆ ಹೇಳಿದೆ. ಆಮೇಲೆ, ನನ್ನ ಬಗ್ಗೆ ಅವರು ಇಲ್ಲಿ ಏನು ಹೇಳುತ್ತಿದ್ದರು, ಮುಚ್ಚಿಡಬೇಡಿ ಎಂದೆ. ಗುಡುಗು, ಆ ಮೆಲ್ಲನೆಯ ದನಿಯಲ್ಲಿ ಹೇಳಿದ. ಅಮ್ಮನನ್ನೂ ಒಮ್ಮೆ ಕರೆದುಕೊಂಡು ಬನ್ನಿ ಎಂದು ಇವರೆಲ್ಲ ಕೇಳುತ್ತಲೇ ಇದ್ದರಂತೆ. ಅದಕ್ಕೆ ಅವರು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದರಂತೆ.

"ಬೇಡಪ್ಪ. ಊರಿನವರ ಕಷ್ಟ ಸುಖ ಎಲ್ಲಾನೂ ಅವಳ ಕಿವಿ ಹೊತ್ತಿದೆ. ಆ ಕಿವಿಗೆ ಸ್ವಲ್ಪ ರಜ ಇರ್ಲಿ."

ಬಯ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಟೈರಿನವನು ನೀರು ತಂದುಕೊಟ್ಟ. ಕುಡಿದು, ಚೀಲದಲ್ಲಿ ಒಯ್ದಿದ್ದ ಆ ಕಡ್ಡಿಗಳನ್ನು ತೆಗೆದು ಇವಳ ಮುಂದೆ ಹಿಡಿದೆ. ಬೇಡ, ಮೇಷ್ಟ್ರಿಲ್ಲದೆ ಕೈ ಏಳುವುದಿಲ್ಲ ಎಂದು ಹಿಂದಕ್ಕೆ ಸರಿದಳು.

"ನೋಡು ಮಗಳೇ, ಒಬ್ಬರ ಕೈ ನಾನು ನಿಲ್ಲಿಸಿದ್ದೀನಿ. ಇನ್ನೊಂದು ಕೈ ನಿಂತರೆ ನಾನು ತಾಳೋದಿಲ್ಲ. ಅವರು ಹೇಳಿಕೊಟ್ಟಿದ್ದನ್ನ ನಂಗೆ ಕೇಳಿಸು. ಅಜ್ಜಿಯಿಂದ ಶುರು ಮಾಡು," ಎಂದೆ.

ಇವಳು ಎದ್ದು, ಹಿಟ್ಟಿನ ಚೀಲವನ್ನು ಎಳೆದು ಕೆಳಗೆ ಹಾಕಿದಳು.

ಮೊದಲು ಟೈರಿನವನು ಒಬ್ಬನೇ ಗಿಟಾರು ಹಿಡಿದು ಬ್ಲೂಸ್ ನುಡಿಸಿದ. ನಿಧಾನ, ಮೂರೇ ಮೂರು ಮೆಟ್ಟಿಲು ಹತ್ತಿ ಇಳಿಯುವಂಥ ರಾಗ. ಸ್ವರವನ್ನು ನೇರವಾಗಿ ಮುಟ್ಟದೆ ಪಕ್ಕಕ್ಕೆ ಎಳೆದು ನರಳಿಸುತ್ತಾನೆ. ಗುಡುಗು ಮೆಲ್ಲಗೆ ಹಾಡಿದ. ಒಂದು ಸಾಲು ಹೇಳಿದ. ಅದೇ ಸಾಲನ್ನು ಮತ್ತೆ ಹೇಳಿದ. ಮೂರನೆಯದರಲ್ಲಿ ಅದಕ್ಕೆ ಉತ್ತರ. ಮತ್ತೆ ಹಾಗೆಯೇ. ಬ್ಲೂಸಿನ ಹಳೆಯ ಕಟ್ಟು ಇದಂತೆ. ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಏಕೆಂದರೆ ಇದು ನನಗೆ ಗೊತ್ತಿತ್ತು. ಲೈನು ಸರಿಯಿಲ್ಲದ ದಿನಗಳಲ್ಲಿ ಜನ ದುಃಖವನ್ನು ಹೀಗೆಯೇ ಹೇಳುತ್ತಿದ್ದರು. ಅಪ್ಪ ಹೋಗಿಬಿಟ್ಟರು. ಕೇಳಿಸಿತಾ, ಅಪ್ಪ ಹೋಗಿಬಿಟ್ಟರು. ನೀನು ಹೊರಟು ಬಾ. ಮೂವತ್ತು ವರ್ಷ ನಾನು ಕೇಳಿದ್ದು ಬ್ಲೂಸನ್ನೇ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ವ್ಯಾನಿನವನ ದಪ್ಪ ತಂತಿಯ ಗಿಟಾರು ಸೇರಿತು. ಅದೇ ರಾಗ. ಟೈರಿನವನು ತಂತಿ ಸಡಿಲಿಸಿ ಶ್ರುತಿ ಇಳಿಸಿದ. ಒಂದು ಗುಂಡಿ ತಿರುಗಿಸಿದ, ಆಂಪ್ಲಿಫೈಯರು ತಾಳಲಾರದೆ ದನಿ ಒಡೆಯಿತು. ಅಳು ತಡೆದು ಮಾತಾಡುವವರ ದನಿ ಒಡೆಯುತ್ತದಲ್ಲ, ಹಾಗೆ. ಆದರೆ ಇದು ಒಬ್ಬರದಲ್ಲ, ಸಾವಿರ ಜನರದು. ನೆಲದ ಹಲಗೆ ನಡುಗಿತು. ನನ್ನ ಪಕ್ಕೆಲುಬು ನಡುಗಿತು. ಗುಡುಗು ಬಾಯಿ ತೆರೆದ. ಸಭಿಕರೇ, ಅದನ್ನು ನಾನು ಕಿರುಚಾಟ ಎಂದುಕೊಂಡಿದ್ದೆ. ಅದೇ ಸಾಲು, ಅದೇ ಎರಡು ಸಲ, ಅದೇ ಉತ್ತರ. ಅಜ್ಜಿ ಹೊಲದಲ್ಲಿ ಬಾಯೊಳಗೇ ಹೇಳಿಕೊಂಡಿದ್ದನ್ನು ಮೊಮ್ಮಗ ಆಕಾಶಕ್ಕೆ ಹೇಳುತ್ತಿದ್ದ. ಜೋರು ಎಂದರೆ ಸಿಟ್ಟು ಎಂದು ನಾನು ಬದುಕಿಡೀ ತಿಳಿದಿದ್ದೆ. ಅಲ್ಲ. ಅದು ಭಾರ. ಇಷ್ಟು ಭಾರವನ್ನು ಮೆಲ್ಲಗೆ ಇಳಿಸಲು ಆಗುವುದಿಲ್ಲ, ಅಷ್ಟೇ.

ಆಗ ಇವಳು ಬಾರಿಸತೊಡಗಿದಳು.

ಇದನ್ನು ಹೇಗೆ ಹೇಳಬೇಕೋ ತಿಳಿಯದು. ಕ್ಲಬ್ಬಿನಲ್ಲಿ ಡ್ರಮ್ ಬಾರಿಸುವಾಗ ನಮ್ಮ ಯಜಮಾನರಿಗೆ ಒಂದು ಚಾಳಿಯಿತ್ತು. ಮೂರನೆಯ ಪೆಟ್ಟನ್ನು ಒಂದು ಕೂದಲೆಳೆಯಷ್ಟು ತಡವಾಗಿ ಹೊಡೆಯುತ್ತಿದ್ದರು. ತಪ್ಪಲ್ಲ, ಬಾಗಿಲ ಮುಂದೆ ಬಂದವರು ಒಳಗೆ ಹೆಜ್ಜೆಯಿಡುವ ಮೊದಲು ಒಂದು ಕ್ಷಣ ನಿಂತ ಹಾಗೆ. ಆ ಒಂದು ಕ್ಷಣಕ್ಕಾಗಿಯೇ ನಾನು ಭಾನುವಾರಗಳನ್ನು ಕಾಯುತ್ತಿದ್ದೆ. ಮೀಸೆಯವನನ್ನು ಬಿಟ್ಟು ಇವರನ್ನು ಮದುವೆಯಾಗಿದ್ದೂ ಅದಕ್ಕೇ ಇರಬೇಕು. ಟೈರ್ ಅಂಗಡಿಯ ಅಟ್ಟದಲ್ಲಿ, ಕಟ್ಟಡವೇ ಕುಸಿಯುವಂಥ ಆ ಸದ್ದಿನ ನಟ್ಟನಡುವೆ, ಹಿಟ್ಟು ನಾದುವ ಈ ಕೈಯಲ್ಲಿ, ಮೂರನೆಯ ಪೆಟ್ಟು ಒಂದು ಕೂದಲೆಳೆ ತಡವಾಗಿ ಬಿತ್ತು. ಮತ್ತೆ ಬಿತ್ತು. ನಾನು ಕಣ್ಣು ಮುಚ್ಚಿದೆ. ಅವರು ಅಲ್ಲಿದ್ದರು. ಫೋಟೋದಲ್ಲಿ ಇರುವಂತೆ ಅಲ್ಲ. ಅಲ್ಲಿಯೇ, ಇಪ್ಪತ್ತೆಂಟರ ವಯಸ್ಸಿನವರಾಗಿ, ಹಿಂದುಗಡೆ ಕತ್ತಲಲ್ಲಿ.

ಆ ತಡ ಅವರದೇ ಎಂದು ನಾನು ಅಂದುಕೊಂಡಿದ್ದೆ. ಮುಗಿದ ಮೇಲೆ ಇವಳು ಹೇಳಿದಳು, ಮೇಷ್ಟ್ರು ಅದನ್ನು ಕ್ಲಬ್ಬಿನ ಮುದುಕ ಡ್ರಮ್ಮರನಿಂದ ಕಲಿತಿದ್ದರಂತೆ. ಆ ಮುದುಕ ಬಂದರಿಗೆ ಬಂದ ಹಡಗಿನ ವಾದ್ಯದವನಿಂದ ಕಲಿತಿದ್ದನಂತೆ. ಹಡಗಿನವನು ಯಾರಿಂದ ಕಲಿತನೋ, ಅವನಿಗೆ ಹೇಳಿಕೊಟ್ಟವರು ಯಾರೋ. ಹೆಸರಿಲ್ಲದ ಕೈಯಿಂದ ಹೆಸರಿಲ್ಲದ ಕೈಗೆ ದಾಟುತ್ತ, ಸಾಗರ ದಾಟುತ್ತ, ಆ ಒಂದು ಕ್ಷಣದ ತಡ ನೂರು ವರ್ಷ ನಡೆದುಬಂದು ನಮ್ಮೂರಿನ ಟೈರ್ ಅಂಗಡಿಯ ಮೆಟ್ಟಿಲು ಹತ್ತಿತ್ತು. ನಾನು ನನ್ನ ಮನೆಯ ಹಿತ್ತಲ ಕೋಣೆಯಿಂದ ಹೊರಗೆ ಹಾಕಿದ್ದು ಇದನ್ನು. ಆದರೂ ಅದು ನಿಲ್ಲಲಿಲ್ಲ ನೋಡಿ. ಬೇರು ಎಂದರೆ ಏನೆಂದು ಪ್ರಾಧ್ಯಾಪಕರು ಹೇಳುತ್ತಿದ್ದರೋ ನಾನರಿಯೆ. ನನಗೆ ತಿಳಿದ ಬೇರು ಇಷ್ಟೇ.

ಈ ಶಾಲೆಯ ಡ್ರಮ್ ತರಗತಿಗೆ ಇವಳನ್ನು ಶಿಕ್ಷಕಿಯಾಗಿ ನೇಮಿಸಿ, ಮೊದಲ ವರ್ಷವೇ ಸನ್ಮಾನಿಸುತ್ತಿರುವ ಆಡಳಿತ ಮಂಡಳಿಗೆ ನನ್ನ ಕೃತಜ್ಞತೆಗಳು. ಹನ್ನೊಂದು ವರ್ಷ ಗುಟ್ಟು ಕಾಯ್ದ ಟೈರ್ ಅಂಗಡಿಯವರಿಗೂ ಕೃತಜ್ಞತೆಗಳು. ನಿಮ್ಮ ಮೇಲೆ ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ. ಗಂಟಲು ಕಟ್ಟಿದ ಪ್ರಾಧ್ಯಾಪಕರು ಬೇಗ ಗುಣವಾಗಲಿ, ಆದರೆ ಸಂಜೆಯವರೆಗೆ ಅವಸರವಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಅಂದು ಹಾಡು ನಿಂತಾಗ ಇವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ನೋಡಲು ಅಂಜುತ್ತ, "ಜೋರಾಯ್ತೇನೋ ಅಮ್ಮ?" ಎಂದು ಕೇಳಿದಳು.

ನನ್ನ ಕಿವಿಯೊಳಗೆ ಆ ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿದ್ದವು.

"ಇನ್ನೊಂದ್ಸಲ," ಎಂದೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.